ಗಾಳಿಸುದ್ದಿಯೂ ಅದನ್ನು ದಾಟಿಸುವವರ ಹೊಣೆಯೂ

೧

ಕನ್ನಡದ ಮೊದಲನೆಯ ವೃತ್ತಾಂತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ನೆಯ ಇಸವಿ ಜುಲೈ ೧ನೆಯ ತಾರೀಖಿನಲ್ಲಿ ಹೊರಟಿತು. ಬಾಸೆಲ್ ಮಿಶನ್ನಿಗೆ ಸೇರಿದ ಹರ್ಮನ್ ಮೊಗ್ಲಿಂಗರು ಅದರ ಸಂಪಾದಕರು. ಕಲ್ಲಚ್ಚಿನಲ್ಲಿ ಮುದ್ರಿತವಾಗಿ, ಹದಿನೈದು ದಿನಗಳಿಗೊಮ್ಮೆ ನಾಲ್ಕು ಪುಟಗಳಾಗಿ ಬರುತ್ತಿದ್ದ ಆ ಪತ್ರಿಕೆಯು ಈಗ ನೋಡುವವರಿಗೆ ಬಹು ಸಣ್ಣದಾಗಿ ತೋರಬಹುದು. ಆದರೆ ಪತ್ರಿಕೆಯು ಏತಕ್ಕೆ ಬೇಕೆಂಬುದಕ್ಕೆ ಅದರ ಮೊದಲನೆಯ ಸಂಚಿಕೆಯು ಕೊಟ್ಟ ಕಾರಣವು ಸಣ್ಣದಲ್ಲ. ಈ ಸೀಮೆಯವರಿಗೆ ಸುದ್ದಿಯನ್ನು ಕೇಳುವ ಚಪಲವು ವಿಶೇಷವಾಗಿದೆಯೆಂದೂ, ಕಚೇರಿಯೇ ಮೊದಲಾದೆಡೆಗಳಲ್ಲಿ ಸುದ್ದಿಯನ್ನು ತಾವೇ ಕಟ್ಟಿ ಬಿಡುವವರು ಉಂಟೆಂದೂ, ಹಾಗೆ ಕಟ್ಟಿದುದು ಮಾರನೆಯ ದಿನ ಸುಳ್ಳೆಂದು ಬಯಲಾದರೂ ಅಷ್ಟರೊಳಗಾಗಿ ಕೇಳಿ ನಂಬಿದವರು ಸುಮ್ಮಸುಮ್ಮನೆ ಹಿಗ್ಗಿಯೋ ಹೆದರಿಯೋ ಆಗಿರುತ್ತದೆಂದೂ ಅಲ್ಲಿಯ ಮಾತಿನ ತಾತ್ಪರ್ಯ.

ಅಂದರೆ ಕನ್ನಡನಾಡಿನಲ್ಲಿ ಪತ್ರಿಕೆಯೆಂಬುದು ಹುಟ್ಟಿದುದೇ ಗಾಳಿಸುದ್ದಿಗೆ ಮದ್ದಾಗಿ. ಆ ಮದ್ದಿನ ಗುಣವನ್ನು ನಾಡು ಒಂದೂವರೆ ಶತಮಾನಕ್ಕೂ ಮಿಕ್ಕಿ ಅನುಭವಿಸಿತು. ಹಾಗಿದ್ದರೂ ೨೦೧೨ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಅದೇ ನಾಡಿನ ರಾಜಧಾನಿಯಲ್ಲಿ ಆಧಾರವಿಲ್ಲದ ಭಯವೊಂದು ಸಾವಿರಾರು ಜನರನ್ನು ರೈಲು ನಿಲ್ದಾಣಕ್ಕೆ ಅಟ್ಟಿತು. ೨೦೧೮ನೆಯ ಇಸವಿಯಲ್ಲಿ ಬೀದರ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂತಹುದೇ ಭಯವು ನಿರಪರಾಧಿಯೊಬ್ಬನ ಪ್ರಾಣವನ್ನು ತೆಗೆಯಿತು. ಈ ಎರಡು ಸಂದರ್ಭಗಳಲ್ಲಿಯೂ ಸುಳ್ಳನ್ನು ಹುಟ್ಟಿಸಿದವರು ಕೆಲವರಾದರೆ, ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದವರು ಲೆಕ್ಕವಿಲ್ಲದಷ್ಟು ಮಂದಿ. ಹುಟ್ಟಿಸಿದವನು ಅಪರಾಧಿಯೆಂಬುದರಲ್ಲಿ ವಿವಾದವಿಲ್ಲ. ಯಾವ ದುರುದ್ದೇಶವೂ ಇಲ್ಲದೆ ದಾಟಿಸಿದವನ ಪಾಲು ಎಷ್ಟೆಂಬುದೇ ಕಷ್ಟವಾದ ಪ್ರಶ್ನೆ. ಆ ಪ್ರಶ್ನೆಗೆ ಹಿಂದಿನವರು ಕಾಲಕಾಲಕ್ಕೆ ಯಾವ ಉತ್ತರವನ್ನು ಕಂಡುಕೊಂಡಿದ್ದರು, ಆ ಉತ್ತರವು ಈಗ ಎಲ್ಲಿ ಸಡಿಲವಾಯಿತು ಎಂಬುದನ್ನು ಚರಿತ್ರೆಯ ದಾರಿಯಲ್ಲಿ ನೋಡುವುದು ಪ್ರಯೋಜನಕರವಾದುದು.

೨

ಪರರನ್ನು ಕುರಿತು ಆಡುವ ಮಾತಿಗೆ ಕಟ್ಟಳೆಯುಂಟೆಂಬುದು ಹೊಸ ಯೋಚನೆಯಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವಾಕ್ಪಾರುಷ್ಯವೆಂಬ ಒಂದು ಪ್ರಕರಣವೇ ಇದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣಪಟ್ಟಣದಲ್ಲಿ ಬಾಳಿದವನು. ಅಂಗಹೀನರನ್ನೂ ಇಂದ್ರಿಯವಿಕಲರನ್ನೂ ರೋಗಿಗಳನ್ನೂ ಹೀಯಾಳಿಸುವವನಿಗೆ ಆ ಶಾಸ್ತ್ರವು ದಂಡವನ್ನು ವಿಧಿಸುತ್ತದೆ. ಹೀಯಾಳಿಕೆಯು ಸುಳ್ಳಿನಿಂದಾಗಲಿ, ಕೊಂಕು ಹೊಗಳಿಕೆಯಿಂದಾಗಲಿ, ನಿಜವಾದ ಮಾತಿನಿಂದಲೇ ಆಗಲಿ, ದಂಡವು ತಪ್ಪಿದುದಲ್ಲ. ಕುರುಡನನ್ನು ಕುರುಡನೆಂದು ಹಂಗಿಸಿದವನು ‘ಇದ್ದುದನ್ನೇ ಹೇಳಿದೆ’ ಎಂದು ನುಣುಚಿಕೊಳ್ಳುವಂತಿಲ್ಲ.

ಅದೇ ಶಾಸ್ತ್ರವು ದಂಡವನ್ನು ವರ್ಣಭೇದದಿಂದ ಏರಿಳಿಸುತ್ತಿದ್ದುದು ಇಂದಿನ ನ್ಯಾಯಬುದ್ಧಿಗೆ ಒಪ್ಪತಕ್ಕುದಲ್ಲ. ಆದರೂ ಮಾತು ನಿಜವಾಗಿದ್ದ ಮಾತ್ರಕ್ಕೆ ನಿರ್ದೋಷವಾಗದು, ಅದರಿಂದ ನೋಯುವವನು ಯಾರೆಂಬುದನ್ನೂ ನೋಡಬೇಕು ಎಂಬ ವಿವೇಕವು ಆ ಪ್ರಕರಣದಲ್ಲಿ ಅಡಗಿದೆ. ಆ ಕಾಲದಲ್ಲಿ ಮಾತಿನ ಒಡೆಯನನ್ನು ಗುರುತಿಸುವುದು ಕಷ್ಟವಾಗಿರಲಿಲ್ಲ. ಅಗಸೆಯಲ್ಲಿಯೋ ಕೆರೆಯ ಏರಿಯ ಮೇಲೋ ಜಗಲಿಯಲ್ಲಿಯೋ ಆಡಿದವನ ಮುಖವನ್ನು ಕೇಳಿದವರು ಕಂಡಿರುತ್ತಿದ್ದರು. ‘ಹೀಗೆಂದವರಾರು?’ ಎಂದು ಕೇಳಿದರೆ ಹೆಸರು ಹೇಳಲೇಬೇಕಾಗುತ್ತಿದ್ದಿತು. ಸುಳ್ಳುಗಾರನೆಂಬ ಹೆಸರು ಬಂದವನ ಮಾತಿಗೆ ಅದೇ ಊರಿನಲ್ಲಿ ಬೆಲೆಯಿಳಿಯುತ್ತಿದ್ದಿತು. ಮಾತು ಊರಿನ ಎಲ್ಲೆಯನ್ನು ದಾಟಿ ಹೋದಾಗ ಮಾತ್ರವೇ ಒಡೆಯನು ಕಣ್ಮರೆಯಾಗುತ್ತಿದ್ದುದು.

ಹಾಗೆ ಒಡೆಯನಿಲ್ಲದೆ ಎಲ್ಲೆಗಳನ್ನು ದಾಟಿದುದಕ್ಕೆ ೧೮೫೭ನೆಯ ಇಸವಿಯ ಚಪಾತಿಗಳ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನವು ದೊರೆಯದು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಉತ್ತರ ಹಿಂದೂಸ್ಥಾನದ ಹಳ್ಳಿಹಳ್ಳಿಗಳಲ್ಲಿ ಒಂದು ಊರಿನ ಚೌಕಿದಾರನು ಮುಂದಣ ಊರಿನ ಚೌಕಿದಾರನಿಗೆ ಚಪಾತಿಗಳನ್ನು ಕೊಟ್ಟು, ಇಂತಹುದೇ ಇನ್ನು ಕೆಲವನ್ನು ಸುಟ್ಟು ಆಚೆಯ ಊರುಗಳಿಗೆ ಮುಟ್ಟಿಸತಕ್ಕುದೆಂದು ಹೇಳಿ ಹೋಗುತ್ತಿದ್ದನು. ಅವುಗಳು ಟಪ್ಪಾಲಿಗಿಂತಲೂ ವೇಗವಾಗಿ ಊರಿಂದೂರಿಗೆ ಹರಿದುವು. ಸರಕಾರದ ಅಧಿಕಾರಿಗಳು ಗಾಬರಿಗೊಂಡು ವಿಚಾರಿಸಿದಾಗ, ಅವುಗಳನ್ನು ಹೊತ್ತವರಲ್ಲಿ ಅವುಗಳ ಅರ್ಥವನ್ನು ಹೇಳಬಲ್ಲವರು ಸಿಕ್ಕಲಿಲ್ಲ. ಅದೇ ವರ್ಷ ಮೇ ೧೦ನೆಯ ತಾರೀಖು ಮೀರತ್ತಿನಲ್ಲಿ ಸಿಪಾಯಿಗಳು ಎದ್ದ ಬಳಿಕ ಚಪಾತಿಗಳಿಗೆ ಬಗೆಬಗೆಯ ಅರ್ಥಗಳನ್ನು ಹಚ್ಚಿದುದುಂಟು. ಅವುಗಳ ವಿಷಯದಲ್ಲಿ ಚರಿತ್ರಕಾರರಿಗೆ ಏಕಾಭಿಪ್ರಾಯವಿಲ್ಲ. ಇಲ್ಲಿ ಗಮನಿಸತಕ್ಕುದು ಹೊತ್ತವರ ಮನಸ್ಸನ್ನು. ಹಿಂದಿನ ಊರಿನವನು ತಂದುಕೊಟ್ಟನು, ಮುಂದಿನ ಊರಿಗೆ ಮುಟ್ಟಿಸದಿದ್ದರೆ ಏನಾಗುವುದೋ ಎಂಬ ಅಂಜಿಕೆ. ಇಷ್ಟೇ ಅವರಿಗೆ ಸಾಕಾಯಿತು. ಕೈಯಲ್ಲಿರುವುದು ಏನೆಂದು ತಿಳಿಯದೆ, ಅದನ್ನು ಇಮ್ಮಡಿ ಮಾಡಿ ಮುಂದಕ್ಕೆ ಕಳುಹಿಸುವ ಈ ಅಭ್ಯಾಸವು ಚೌಕಿದಾರರೊಡನೆ ಮುಗಿದುಹೋಗಲಿಲ್ಲ.

೩

ಅಚ್ಚಿನ ಕಾಲದಲ್ಲಿ ಮಾತಿಗೆ ಮತ್ತೆ ಒಡೆಯನು ದೊರೆತನು. ೧೮೬೦ನೆಯ ಇಸವಿಯ ಹಿಂದೂಸ್ಥಾನದ ದಂಡಸಂಹಿತೆಯು ಮಾನಹಾನಿಯನ್ನು ಅಪರಾಧವೆಂದು ಎಣಿಸಿದುದಲ್ಲದೆ, ಜನರಲ್ಲಿ ಭಯವನ್ನು ಹುಟ್ಟಿಸುವ ವದಂತಿಯನ್ನು ಪ್ರಕಟಿಸುವವನನ್ನೂ ಹರಡುವವನನ್ನೂ ಒಂದೇ ವಿಧಿಯಲ್ಲಿ ಸೇರಿಸಿತು. ೧೮೬೭ನೆಯ ಇಸವಿಯ ೨೫ನೆಯ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ರಿಟಿಷ್ ಹಿಂದೂಸ್ಥಾನದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಮೇಲೆಯೂ ಪತ್ರದ ಮೇಲೆಯೂ ಮುದ್ರಿಸಿದವನ ಹೆಸರು, ಮುದ್ರಿಸಿದ ಸ್ಥಳ, ಪ್ರಕಾಶಕನ ಹೆಸರು ಇವು ಸ್ಪಷ್ಟವಾಗಿ ಇರಬೇಕೆಂದು ಅದು ಕಟ್ಟುಮಾಡಿತು. ಪತ್ರಿಕೆಯನ್ನು ನಡೆಸುವವನು ಮ್ಯಾಜಿಸ್ಟ್ರೇಟನ ಎದುರಿಗೆ ಹೋಗಿ, ಇದರ ಮುದ್ರಕನು ನಾನು, ಪ್ರಕಾಶಕನು ನಾನು ಎಂದು ಒಪ್ಪಿ ಬರೆದುಕೊಡಬೇಕಾಗಿದ್ದಿತು. ಮನೆಗೆ ಬರುವ ಪತ್ರಿಕೆಗಳ ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಕಾಣುವ ಹೆಸರು ವಿಳಾಸಗಳ ಸಾಲು ಈ ಕಾನೂನಿನ ಸಂತಾನ. ೨೦೨೩ರಲ್ಲಿ ಅಂಗೀಕೃತವಾದ ಹೊಸ ಕಾನೂನು ೨೦೨೪ನೆಯ ಇಸವಿ ಮಾರ್ಚ್ ೧ರಂದು ಜಾರಿಗೆ ಬರುವವರೆಗೆ, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಹಳೆಯದೇ ನಡೆದುಬಂದಿತು.

ಆ ಕಾನೂನನ್ನು ಮಾಡಿದ ಸರಕಾರವು ಪ್ರಜೆಗಳಿಗೆ ನೀತಿಯನ್ನು ಕಲಿಸಲೆಂದು ಅದನ್ನು ಮಾಡಲಿಲ್ಲ. ಪ್ರಜೆಗಳು ಏನನ್ನು ಅಚ್ಚುಹಾಕಿಸುತ್ತಾರೆಂಬುದರ ಮೇಲೆ ಕಣ್ಣಿಡುವುದೇ ಅದರ ಮುಖ್ಯೋದ್ದೇಶ. ಆದರೆ ಉದ್ದೇಶವು ಯಾವುದಾದರೂ ಫಲವು ಒಳ್ಳೆಯದಾಯಿತು. ಅಡಿಯಲ್ಲಿ ತನ್ನ ಹೆಸರು ಬೀಳುವುದೆಂದು ಬಲ್ಲ ಸಂಪಾದಕನು ಬರೆಹವನ್ನು ಅಚ್ಚಿಗೆ ಕೊಡುವ ಮುನ್ನ ‘ಇದನ್ನು ಹೇಳಿದವರಾರು? ಅವರಿಗೆ ಹೇಗೆ ತಿಳಿಯಿತು?’ ಎಂದು ಕೇಳಿಕೊಳ್ಳುವಂತಾಯಿತು. ಸುದ್ದಿಯು ಬಾತ್ಮೀದಾರನ ಕೈಯಿಂದ ಸಂಪಾದಕನಿಗೆ, ಅವನಿಂದ ಮೊಳೆ ಜೋಡಿಸುವವನಿಗೆ, ಅಲ್ಲಿಂದ ಕರಡು ತಿದ್ದುವವನಿಗೆ ಹೋಗುವಷ್ಟರಲ್ಲಿ ನಾಲ್ಕು ಜೊತೆ ಕಣ್ಣುಗಳು ಅದನ್ನು ನೋಡುತ್ತಿದ್ದುವು. ಒಂದು ರಾತ್ರಿಯಾದರೂ ಕಳೆಯುತ್ತಿದ್ದಿತು. ಸಿಟ್ಟಿನಲ್ಲಿ ಬರೆದ ಸಾಲು ಬೆಳಗಾಗುವಷ್ಟರಲ್ಲಿ ತಣ್ಣಗಾಗುತ್ತಿದ್ದಿತು. ಎಲ್ಲಕ್ಕೂ ಮಿಗಿಲಾಗಿ, ತಪ್ಪು ಬಿದ್ದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯನ್ನು ಪ್ರಕಟಿಸುವ ಸಂಪ್ರದಾಯವು ಬೆಳೆಯಿತು. ಯಾವ ಚಂದಾದಾರರು ತಪ್ಪನ್ನು ಓದಿದ್ದರೋ ಅವರಿಗೇ ಒಪ್ಪೂ ತಲಪುತ್ತಿದ್ದಿತು.

ಪತ್ರಿಕೆಗಳೆಲ್ಲ ಸತ್ಯಸಂಧವಾಗಿದ್ದುವೆಂದು ಇದರ ಅರ್ಥವಲ್ಲ. ವೈರದಿಂದ ಬರೆದವರೂ, ಹಣಕ್ಕಾಗಿ ಬರೆದವರೂ ಎಲ್ಲ ಕಾಲದಲ್ಲಿಯೂ ಇದ್ದರು. ಇನ್ನೊಂದು ಕಡೆ, ಆಳುವವರು ಹೊಣೆಯ ಹೆಸರಿನಲ್ಲಿ ಬಾಯಿಯನ್ನೇ ಕಟ್ಟಿದುದೂ ಉಂಟು. ೧೯೦೮ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನವು ತಂದ ವೃತ್ತಪತ್ರಿಕೆಗಳ ಕಾನೂನಿನಿಂದ ಪತ್ರಿಕೆಗಳ ಬಾಳು ಸರಕಾರದ ಕೃಪೆಗೆ ಒಳಪಟ್ಟಿತು, ಕೆಲವು ನಿಂತೇಹೋದುವು. ಸುಳ್ಳನ್ನು ಅಡಗಿಸುವ ಕೋಲು ಟೀಕೆಯನ್ನೂ ಅಡಗಿಸಬಲ್ಲುದೆಂಬ ಪಾಠವನ್ನು ಕನ್ನಡಿಗರು ಆಗಲೇ ಕಲಿತರು. ಹಾಗಿದ್ದರೂ, ಪ್ರಕಟವಾದ ಮಾತಿಗೆ ಹೆಸರುಳ್ಳ ಒಡೆಯನೊಬ್ಬನು ಇರಬೇಕೆಂಬ ತತ್ತ್ವವನ್ನು ಆ ಕಾಲದ ಒಳ್ಳೆಯ ಪತ್ರಿಕೋದ್ಯೋಗಿಗಳಲ್ಲಿ ಯಾರೂ ಅಲ್ಲಗಳೆಯಲಿಲ್ಲ.

೪

೧೯೯೫ನೆಯ ಇಸವಿ ಆಗಸ್ಟ್ ೧೫ರಂದು ಹಿಂದೂಸ್ಥಾನದ ಸಾಮಾನ್ಯ ಜನರಿಗೆ ಇಂಟರ್ನೆಟ್ಟಿನ ಸೌಕರ್ಯವು ಮೊದಲು ದೊರೆಯಿತು. ಮೊಬೈಲ್ ಫೋನು ಅದೇ ವರ್ಷ ಬಂದಿತು. ೨೦೦೪ರಲ್ಲಿ ಫೇಸ್‌ಬುಕ್, ೨೦೦೫ರಲ್ಲಿ ಯೂಟ್ಯೂಬ್, ೨೦೦೬ರಲ್ಲಿ ಟ್ವಿಟರ್, ೨೦೦೯ರಲ್ಲಿ ವಾಟ್ಸಾಪ್ ಹೀಗೆ ಜಾಲತಾಣಗಳು ಒಂದರ ಹಿಂದೊಂದು ಹುಟ್ಟಿದುವು. ಇವುಗಳಿಂದಾದ ಉಪಕಾರವನ್ನು ಮರೆಯುವುದು ಕೃತಘ್ನತೆಯೇ ಸರಿ. ದೂರದಲ್ಲಿರುವ ಮಗನ ಮುಖವನ್ನು ತಾಯಿಯು ಪ್ರತಿದಿನ ನೋಡುವಂತಾದುದು, ಅಪರೂಪದ ರಕ್ತದ ಗುಂಪು ಬೇಕಾದವನಿಗೆ ಗಳಿಗೆಯೊಳಗೆ ದಾನಿಯು ಸಿಕ್ಕುವುದು, ಪತ್ರಿಕೆಗಳು ಎಡೆಗೊಡದ ಬಡವನ ದೂರು ನಾಡಿಗೆಲ್ಲ ಕೇಳಿಸುವುದು, ಇವೆಲ್ಲ ಸಾಮಾನ್ಯವಾದ ಲಾಭಗಳಲ್ಲ.

ಆದರೆ ಈ ಹೊಸ ಸಾಧನದಲ್ಲಿ ಅಚ್ಚಿನ ಮನೆಯ ಕಟ್ಟುಗಳೆಲ್ಲ ಒಮ್ಮೆಲೇ ಕಳಚಿಬಿದ್ದುವು. ಬರೆದವನಿಗೂ ಓದುವವನಿಗೂ ನಡುವೆ ಸಂಪಾದಕನಿಲ್ಲ, ಕರಡು ತಿದ್ದುವವನಿಲ್ಲ, ಕಾಯುವ ರಾತ್ರಿಯೂ ಇಲ್ಲ. ಒಬ್ಬನು ಕಳುಹಿಸಿದುದನ್ನು ಬೆರಳಿನ ಒಂದು ಒತ್ತಿನಿಂದ ನೂರು ಮಂದಿಗೆ ದಾಟಿಸಬಹುದು. ಹಾಗೆ ದಾಟಿದ ಬರೆಹದ ಅಡಿಯಲ್ಲಿ ಮೊದಲು ಬರೆದವನ ಹೆಸರಾಗಲಿ ಊರಾಗಲಿ ತಾರೀಖಾಗಲಿ ಇರುವುದಿಲ್ಲ. ಹೆಸರಿನ ಬದಲಿಗೆ ಬರುವುದು ದಾಟಿಸಿದವನ ಮೇಲಿನ ವಿಶ್ವಾಸ. ಸೋದರಮಾವನು ಕಳುಹಿಸಿದನು, ಶಾಲೆಯ ಮೇಷ್ಟರು ಕಳುಹಿಸಿದರು, ಆಫೀಸಿನ ಹಿರಿಯರು ಕಳುಹಿಸಿದರು. ಇವರು ಸುಳ್ಳು ಹೇಳುವವರಲ್ಲ ಎಂದು ಓದಿದವನು ನಂಬುತ್ತಾನೆ. ಅವರು ಸುಳ್ಳು ಹೇಳುವವರಲ್ಲವೆಂಬುದು ನಿಜವೇ. ಆದರೆ ಅವರು ಆ ಮಾತನ್ನು ಹೇಳಿಯೇ ಇಲ್ಲ, ದಾಟಿಸಿದರು ಅಷ್ಟೆ. ಹೀಗೆ ಯಾರೋ ಅಪರಿಚಿತನು ಕಟ್ಟಿದ ಸುಳ್ಳಿಗೆ ಮನೆಯ ಹಿರಿಯರ ಒಳ್ಳೆಯತನವೇ ಜಾಮೀನಾಗಿ ನಿಲ್ಲುತ್ತದೆ.

೫

೨೦೧೨ನೆಯ ಇಸವಿ ಜುಲೈ ತಿಂಗಳಲ್ಲಿ ಆಸಾಮಿನ ಕೋಕ್ರಾಝಾರ್ ಮತ್ತು ಅದರ ಸುತ್ತಣ ಜಿಲ್ಲೆಗಳಲ್ಲಿ ಬೋಡೋ ಜನರಿಗೂ ಬಂಗಾಳಿ ಮಾತನಾಡುವ ಮುಸಲ್ಮಾನರಿಗೂ ಘೋರವಾದ ಗಲಭೆಗಳಾದುವು. ಎಪ್ಪತ್ತಕ್ಕೂ ಮೇಲ್ಪಟ್ಟು ಜನರು ಸತ್ತರು. ಸುಮಾರು ನಾಲ್ಕು ಲಕ್ಷ ಮಂದಿ ಮನೆಮಠಗಳನ್ನು ಬಿಟ್ಟು ಶಿಬಿರಗಳನ್ನು ಸೇರಿದರು. ಅದೇ ಸಮಯದಲ್ಲಿ ಬರ್ಮಾ ದೇಶದಲ್ಲಿಯೂ ಮುಸಲ್ಮಾನರ ಮೇಲೆ ಹಿಂಸೆ ನಡೆದಿದ್ದಿತು. ಈ ದುಃಖಗಳು ನಿಜವಾದುವು. ಸುಳ್ಳು ಬೇರೂರಿದುದು ನಿಜವಾದ ದುಃಖದ ಮಣ್ಣಿನಲ್ಲಿಯೇ.

ಆಗ ಜಾಲತಾಣಗಳಲ್ಲಿ ಹರಿದಾಡಿದ ಚಿತ್ರಗಳಲ್ಲಿ ಒಂದರ ಕಥೆಯನ್ನು ಹೇಳಬೇಕು. ಸಾಲುಸಾಲಾಗಿ ಬಿದ್ದ ಹೆಣಗಳ ನಡುವೆ ಬೌದ್ಧ ಭಿಕ್ಷುಗಳು ನಿಂತಿರುವ ಚಿತ್ರವದು. ಬರ್ಮಾ ದೇಶದಲ್ಲಿ ಭಿಕ್ಷುಗಳು ಮುಸಲ್ಮಾನರನ್ನು ಕೊಂದು ಹಾಕಿದ ದೃಶ್ಯವೆಂದು ಅದರ ಅಡಿಯಲ್ಲಿ ಬರೆದಿದ್ದಿತು. ವಾಸ್ತವವಾಗಿ ಅದು ೨೦೧೦ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಟಿಬೆಟ್ಟಿನ ಪ್ರಸ್ಥಭೂಮಿಯ ಯುಶು ಎಂಬಲ್ಲಿ ಭೂಕಂಪವಾದಾಗ ತೆಗೆದ ಚಿತ್ರ. ಆ ಭಿಕ್ಷುಗಳು ಸತ್ತವರ ಅಂತ್ಯಕ್ರಿಯೆಗೆ ನೆರವಾಗಲು ಬಂದವರು. ಕರುಣೆಯಿಂದ ಹೆಣಗಳ ನಡುವೆ ನಿಂತವರನ್ನು ಅಡಿಯ ಎರಡು ಸಾಲುಗಳು ಕೊಲೆಗಾರರನ್ನಾಗಿ ಮಾಡಿಬಿಟ್ಟುವು. ‘ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು’ ಎಂಬ ಕನ್ನಡದ ಗಾದೆಯನ್ನು ಆಗ ನೆನೆದವರು ಕಡಮೆ. ಚಿತ್ರವು ಸುಳ್ಳಾಗಿರಲಿಲ್ಲ, ಚಿತ್ರಕ್ಕೆ ಕೊಟ್ಟ ಹೆಸರು ಸುಳ್ಳಾಗಿದ್ದಿತು.

ಪುಣೆಯಲ್ಲಿ ಈಶಾನ್ಯ ಸೀಮೆಯ ಕೆಲವು ತರುಣರ ಮೇಲೆ ಹಲ್ಲೆಗಳಾದುವು. ಆಗಸ್ಟ್ ೧೧ರಂದು ಮುಂಬಯಿಯ ಆಜಾದ್ ಮೈದಾನದಲ್ಲಿ ಪ್ರತಿಭಟನೆಯು ಗಲಭೆಗೆ ತಿರುಗಿ ಇಬ್ಬರು ಸತ್ತರು. ಈ ಸುದ್ದಿಗಳ ಬೆನ್ನಿಗೇ ಬೆಂಗಳೂರಿನಲ್ಲಿ ಒಂದು ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯತೊಡಗಿತು. ರಂಜಾನ್ ಮುಗಿಯುತ್ತಲೇ ಈಶಾನ್ಯದವರ ಮೇಲೆ ದಾಳಿಯಾಗುವುದು, ಅಷ್ಟರೊಳಗೆ ಊರು ಬಿಡಿರಿ ಎಂಬುದು ಅದರ ಸಾರ. ಬೆಂಗಳೂರಿನಲ್ಲಿ ಆಗ ಆಸಾಮ್, ಮಣಿಪುರ, ನಾಗಾಲ್ಯಾಂಡ್, ಮಿಜೋರಾಮ್ ಮುಂತಾದ ಸೀಮೆಗಳಿಂದ ಬಂದ ಬಹುಸಂಖ್ಯೆಯ ಜನರು ಇದ್ದರು. ಕಾಲೇಜುಗಳಲ್ಲಿ ಓದುವವರು, ಕಟ್ಟಡಗಳ ಬಾಗಿಲು ಕಾಯುವವರು, ಹೋಟೆಲುಗಳಲ್ಲಿ ದುಡಿಯುವವರು, ಕಂಪೆನಿಗಳಲ್ಲಿ ಉದ್ಯೋಗದಲ್ಲಿದ್ದವರು ಹೀಗೆ ನಾನಾ ತರದವರು. ಆಗಸ್ಟ್ ೧೫ರ ಸಂಜೆ, ಇಂಟರ್ನೆಟ್ಟು ನಾಡಿಗೆ ಬಂದು ಸರಿಯಾಗಿ ಹದಿನೇಳು ವರ್ಷಗಳು ತುಂಬಿದ ದಿನ, ಅವರು ಕೈಗೆ ಸಿಕ್ಕಿದ ಚೀಲಗಳನ್ನು ಎತ್ತಿಕೊಂಡು ನಗರದ ರೈಲು ನಿಲ್ದಾಣದಲ್ಲಿ ಕಿಕ್ಕಿರಿದರು. ಆ ಒಂದೇ ದಿನ ಆರು ಸಾವಿರಕ್ಕೂ ಹೆಚ್ಚು ಮಂದಿ ಗುವಾಹಾಟಿಯ ಕಡೆಗೆ ಟಿಕೇಟು ಕೊಂಡರು. ರೈಲ್ವೆಯವರು ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ನಗರವನ್ನು ಬಿಟ್ಟವರ ಸಂಖ್ಯೆಯು ಸುಮಾರು ಮೂವತ್ತು ಸಾವಿರವೆಂದು ಅಂದಾಜು ಮಾಡಿದರು.

ಅಂದಿನ ಮುಖ್ಯಮಂತ್ರಿಗಳಾದ ಜಗದೀಶ ಶೆಟ್ಟರ್ ಅವರೂ ಗೃಹಮಂತ್ರಿಗಳಾದ ಆರ್. ಅಶೋಕ ಅವರೂ ಭಯಪಡಲು ಕಾರಣವಿಲ್ಲವೆಂದು ಸಾರಿದರು. ಮಂತ್ರಿಗಳು ನಿಲ್ದಾಣಕ್ಕೇ ಹೋಗಿ ಹೊರಟವರನ್ನು ತಡೆಯಲು ಯತ್ನಿಸಿದರು. ನಗರದ ಮುಸಲ್ಮಾನ ಮುಖಂಡರು ಈಶಾನ್ಯದವರು ವಾಸವಾಗಿದ್ದ ಬಡಾವಣೆಗಳಿಗೆ ಹೋಗಿ ಅಭಯವನ್ನು ಕೊಟ್ಟರು. ಹೋಗುವವರು ಆಗಲೂ ಹೋದರು. ಅವರನ್ನು ಹೇಡಿಗಳೆಂದು ಜರೆಯುವುದು ಅನ್ಯಾಯ. ಪರಸ್ಥಳದಲ್ಲಿ ಮುಖಚಹರೆಯಿಂದಲೇ ಗುರುತಿಗೆ ಸಿಕ್ಕುವವನಿಗೆ, ಊರಿನಿಂದ ತಾಯಿಯು ಅಳುತ್ತ ‘ಹೊರಟು ಬಾ’ ಎಂದು ಫೋನು ಮಾಡಿದಾಗ, ಮಂತ್ರಿಗಳ ಭರವಸೆಯು ಎಷ್ಟರದು? ಆ ತಾಯಿಗೆ ಸುದ್ದಿಯು ಹೋದುದಾದರೂ ಹೇಗೆ? ಹಿತವನ್ನು ಬಯಸಿದ ನೆಂಟರೂ ಗೆಳೆಯರೂ, ‘ನಿಜವೋ ಸುಳ್ಳೋ ತಿಳಿಯದು, ಎಚ್ಚರಿಕೆಗಾಗಿ ಕಳುಹಿಸಿದ್ದೇನೆ’ ಎಂದು ಒಬ್ಬರಿಗೊಬ್ಬರು ದಾಟಿಸಿದುದೇ ಅದರ ಮಾರ್ಗ. ಹುಟ್ಟಿಸಿದವನಲ್ಲಿ ದ್ವೇಷವಿದ್ದಿರಬಹುದು; ದಾಟಿಸಿದವರಲ್ಲಿ ಬಹುಮಂದಿಯಲ್ಲಿ ಇದ್ದುದು ಪ್ರೀತಿ. ದ್ವೇಷವು ಒಂದು ಕಿಡಿಯನ್ನು ಹೊತ್ತಿಸಿತು. ಪ್ರೀತಿಯು ಅದನ್ನು ಮನೆಯಿಂದ ಮನೆಗೆ ಒಯ್ದಿತು.

ಹೇಳಿದ ದಾಳಿಯು ನಡೆಯಲಿಲ್ಲ. ಹೋದವರಲ್ಲಿ ಅನೇಕರು ಕೆಲವು ವಾರಗಳಲ್ಲಿ ಹಿಂದಿರುಗಿದರು. ಆದರೆ ಕೂಲಿಯನ್ನು ಕಳೆದುಕೊಂಡವರು, ಕೆಲಸವು ಹೋದವರು, ಪಾಠಗಳು ತಪ್ಪಿದವರು ಎಷ್ಟೋ ಮಂದಿ. ಗಾಯಗೊಂಡವರು ಇವರು ಮಾತ್ರವೇ ಅಲ್ಲ. ಯಾವ ತಪ್ಪನ್ನೂ ಮಾಡದೆ, ಹಬ್ಬದ ಸಿದ್ಧತೆಯಲ್ಲಿದ್ದ ಬೆಂಗಳೂರಿನ ಮುಸಲ್ಮಾನರೆಲ್ಲರೂ ನೆರೆಯವರ ಕಣ್ಣಿಗೆ ಸಂದೇಹಪಾತ್ರರಾದರು. ಒಂದೇ ಸುಳ್ಳು ಓಡಿದವರನ್ನೂ ಅಪವಾದಕ್ಕೆ ಗುರಿಯಾದವರನ್ನೂ ಸಮನಾಗಿ ನೋಯಿಸಿತು.

೬

೨೦೧೮ನೆಯ ಇಸವಿಯ ಬೇಸಗೆಯಿಂದ ದೇಶದ ಅನೇಕ ಕಡೆಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯು ವಾಟ್ಸಾಪಿನಲ್ಲಿ ಹಬ್ಬಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋವೊಂದು ಅದರೊಡನೆ ಓಡಾಡಿತು. ಅದು ಹಿಂದೂಸ್ಥಾನದ್ದೇ ಅಲ್ಲ. ಮಕ್ಕಳ ರಕ್ಷಣೆಯ ವಿಷಯದಲ್ಲಿ ತಂದೆತಾಯಿಗಳನ್ನು ಎಚ್ಚರಿಸುವುದಕ್ಕಾಗಿ ಪಾಕಿಸ್ತಾನದ ಕರಾಚಿಯಲ್ಲಿ ನಟರಿಂದ ಆಡಿಸಿ ತಯಾರಿಸಿದ ಚಿತ್ರವದು. ಅದರ ಕೊನೆಯಲ್ಲಿ ಆ ಇಬ್ಬರೂ ಮಗುವನ್ನು ಹಿಂದಕ್ಕೆ ತಂದು ಬಿಟ್ಟು, ಬೋಧವಾಕ್ಯವುಳ್ಳ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದರು. ಮಕ್ಕಳನ್ನು ಕಾಪಾಡಲು ಮಾಡಿದ ಚಿತ್ರವು ಹೀಗೆ ಮನುಷ್ಯರನ್ನು ಕೊಲ್ಲಿಸುವ ಚಿತ್ರವಾಯಿತು.

ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸವನ್ನರಸಿ ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ಮಕ್ಕಳ ಕಳ್ಳನೆಂದು ಬಗೆದು ಜನರು ಬಡಿದು ಕೊಂದರು. ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬಲ್ಲಿ ಅಲೆಮಾರಿ ಪಂಗಡದ ಐವರು ಹಾಗೆಯೇ ಸತ್ತರು. ಜುಲೈ ೧೩ರಂದು ಬೀದರ ಜಿಲ್ಲೆಯ ಔರಾದ ಸೀಮೆಯಲ್ಲಿ, ಹೈದರಾಬಾದಿನ ಕಡೆಯಿಂದ ಬಂದ ಕೆಲವರು ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟನ್ನು ಕೊಟ್ಟರು. ಅದನ್ನು ಕಂಡವರಿಗೆ ಸಂಶಯವು ಬಂದು ಜನರು ಸುತ್ತುಗಟ್ಟಿದರು. ಗೆಳೆಯರು ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರು. ಕಾರಿಗಿಂತಲೂ ಮುಂಚೆ ಸಂದೇಶವು ಮುಂದಿನ ಊರಾದ ಮುರ್ಕಿಯನ್ನು ಮುಟ್ಟಿತು. ಅಲ್ಲಿ ದಾರಿಗೆ ಅಡ್ಡಗಟ್ಟಿದ್ದರು, ಕಾರು ಉರುಳಿತು. ನೂರಾರು ಜನರು ಮುತ್ತಿ ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟುಗಳು ಬಿದ್ದುವು. ಒಬ್ಬ ತರುಣನು ಸತ್ತನು; ಜೊತೆಯವರು ಬಲವಾಗಿ ಗಾಯಗೊಂಡರು. ತರುವಾಯ ಬಂಧಿತರಾದವರಲ್ಲಿ ಸಂದೇಶವು ಹರಿದ ವಾಟ್ಸಾಪ್ ಗುಂಪಿನ ನಿರ್ವಾಹಕನೂ ಇದ್ದನು.

ಮಾತು ನಿಜವಾದರೂ ನೋಯಿಸಬಾರದೆಂಬ ವಿಧಿಯನ್ನು ವಿಜ್ಞಾನೇಶ್ವರನು ವಿವರಿಸಿದ ಕಲ್ಯಾಣವೂ, ಪರೀಕ್ಷಿಸದ ಮಾತು ಕೊಲೆಯಲ್ಲಿ ಮುಗಿದ ಮುರ್ಕಿಯೂ ಈಗ ಒಂದೇ ಜಿಲ್ಲೆಗೆ ಸೇರಿದುವು. ಮುರ್ಕಿಯವರು ಸ್ವಭಾವದಿಂದ ಕ್ರೂರರೆಂದು ಹೇಳುವುದಕ್ಕೆ ಆಧಾರವಿಲ್ಲ. ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ಅವರಲ್ಲಿ ಬಹುಮಂದಿ ನಂಬಿದ್ದಿರಬೇಕು. ಮಕ್ಕಳ ಮೇಲಿನ ಮಮತೆಯು ವಿಚಾರವನ್ನು ಕಳೆದುಕೊಂಡಾಗ ಎಲ್ಲಿಗೆ ಹೋಗಿ ಮುಟ್ಟುವುದೆಂಬುದಕ್ಕೆ ಅದು ಸಾಕ್ಷಿಯಾಗಿ ಉಳಿದಿದೆ.

೭

ಸರಕಾರಗಳೂ ಜಾಲತಾಣಗಳ ಒಡೆಯರೂ ಸುಮ್ಮನಿರಲಿಲ್ಲ. ೨೦೧೨ನೆಯ ಇಸವಿ ಆಗಸ್ಟ್ ೧೭ರಂದು ಕೇಂದ್ರ ಸರಕಾರವು ಒಂದು ಮೊಬೈಲಿನಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶಗಳನ್ನು ಕಳುಹಿಸಬಾರದೆಂದು ಹದಿನೈದು ದಿನಗಳ ಮಟ್ಟಿಗೆ ಆಜ್ಞೆ ಮಾಡಿತು. ಕೆಲವು ದಿನಗಳ ಮೇಲೆ ಆ ಮಿತಿಯನ್ನು ಇಪ್ಪತ್ತಕ್ಕೆ ಏರಿಸಿತು. ೨೦೧೮ರ ಕೊಲೆಗಳ ತರುವಾಯ ವಾಟ್ಸಾಪಿನವರು, ದಾಟಿಸಿದ ಸಂದೇಶದ ಮೇಲೆ ಅದು ದಾಟಿಸಿದುದೆಂಬ ಗುರುತು ಬೀಳುವಂತೆ ಮಾಡಿ, ಹಿಂದೂಸ್ಥಾನದಲ್ಲಿ ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚಿಗೆ ದಾಟಿಸದಂತೆ ಕಟ್ಟನ್ನು ಹಾಕಿದರು. ೨೦೧೯ರಲ್ಲಿ ಅದು ಲೋಕಕ್ಕೆಲ್ಲ ಅನ್ವಯಿಸಿತು. ೨೦೨೦ರ ಏಪ್ರಿಲ್ಲಿನಲ್ಲಿ, ಬಹಳ ಸಲ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಮಾತ್ರ ಕಳುಹಿಸಬಹುದೆಂದು ಗೊತ್ತುಮಾಡಿದರು. ಇವೆಲ್ಲ ಕಳೆದುಹೋದ ಆ ‘ಕಾಯುವ ರಾತ್ರಿ’ಯನ್ನು ಯಂತ್ರದ ಮೂಲಕ ಸ್ವಲ್ಪವಾದರೂ ಹಿಂದಕ್ಕೆ ತರುವ ಪ್ರಯತ್ನಗಳೇ.

ಕಾನೂನಿನ ಅನುಭವವು ಇಷ್ಟು ಸರಳವಾಗಿಲ್ಲ. ೨೦೦೦ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾನೂನಿಗೆ ೨೦೦೮ರ ತಿದ್ದುಪಡಿಯಿಂದ ಸೇರಿದ ೬೬ಎ ಎಂಬ ವಿಧಿಯು, ಜಾಲದಲ್ಲಿ ಇತರರಿಗೆ ಬೇಸರವನ್ನೋ ತೊಂದರೆಯನ್ನೋ ಉಂಟುಮಾಡುವ ಬರೆಹಕ್ಕೂ ಮೂರು ವರ್ಷಗಳವರೆಗೆ ಸೆರೆಯನ್ನು ವಿಧಿಸಬಹುದಾಗಿದ್ದಿತು. ೨೦೧೨ನೆಯ ಇಸವಿ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲಘರದಲ್ಲಿ, ರಾಜಕೀಯ ಮುಖಂಡರೊಬ್ಬರು ತೀರಿಕೊಂಡಾಗ ಊರು ಮುಚ್ಚಿದುದನ್ನು ಪ್ರಶ್ನಿಸಿ ಎರಡು ಮಾತು ಬರೆದ ತರುಣಿಯೊಬ್ಬಳನ್ನೂ, ಆ ಬರೆಹಕ್ಕೆ ಮೆಚ್ಚುಗೆ ತೋರಿಸಿದ ಅವಳ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ಅವರ ಮಾತಿನಿಂದ ಯಾರೂ ಊರು ಬಿಡಲಿಲ್ಲ, ಯಾರೂ ಸಾಯಲಿಲ್ಲ. ೨೦೧೫ನೆಯ ಇಸವಿ ಮಾರ್ಚ್ ೨೪ರಂದು ಸುಪ್ರೀಂ ಕೋರ್ಟು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಆ ವಿಧಿಯು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಮಾನಿಸಿ ತೆಗೆದುಹಾಕಿತು. ಮೈಸೂರಿನಲ್ಲಿ ೧೯೦೮ರಲ್ಲಿ ಕಲಿತ ಪಾಠವನ್ನೇ ದೇಶವು ಮತ್ತೊಮ್ಮೆ ಕಲಿಯಿತು. ಪ್ರಾಣಕ್ಕೂ ಮಾನಕ್ಕೂ ಹಾನಿಯಾಗುವಂತೆ ಸುಳ್ಳನ್ನು ಹರಡುವವನಿಗೆ ದಂಡವು ಇರಲೇಬೇಕು. ೨೦೨೪ನೆಯ ಇಸವಿ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯೂ ಹಳೆಯ ಸಂಹಿತೆಯಂತೆಯೇ ಹುಟ್ಟಿಸುವವನೊಡನೆ ಹರಡುವವನನ್ನೂ ಎಣಿಸುತ್ತದೆ. ಆದರೆ ಪ್ರತಿಯೊಂದು ಅವಿವೇಕದ ಮಾತಿಗೂ ಠಾಣೆಯನ್ನು ಕರೆಯಹೊರಟರೆ, ಮೊದಲು ಸಿಕ್ಕಿಬೀಳುವವರು ನಿರ್ಬಲರಾದ ನಿರಪರಾಧಿಗಳೇ.

ಆದುದರಿಂದ ಉಳಿದ ಭಾರವು ಕಾನೂನಿನ ಮೇಲೂ ಯಂತ್ರದ ಮೇಲೂ ಅಲ್ಲದೆ, ಮೊಬೈಲನ್ನು ಹಿಡಿದ ಕೈಯ ಮೇಲೆ ಬೀಳುತ್ತದೆ. ಅಚ್ಚಿನ ಕಾಲದಲ್ಲಿ ಪಟ್ಟಣಕ್ಕೆ ನಾಲ್ವರು ಪ್ರಕಾಶಕರಿದ್ದರೆ ಈಗ ಮನೆಗೆ ನಾಲ್ವರು. ಸಂಪಾದಕನ ಅಧಿಕಾರವು ಮನೆಮನೆಗೂ ಬಂದಿರುವಾಗ ಅವನ ಕರ್ತವ್ಯವು ಮಾತ್ರ ಬಾರದಿರುವುದು ಹೇಗೆ? ಒಂದು ಬರೆಹವೋ ಚಿತ್ರವೋ ಕೈಗೆ ಬಂದಾಗ, ಇದನ್ನು ಮೊದಲು ಹೇಳಿದವರಾರು, ಎಂದು, ಎಲ್ಲಿ ಎಂದು ಕೇಳಿಕೊಳ್ಳುವುದು ಅವನ ಮೊದಲನೆಯ ಕರ್ತವ್ಯ. ಉತ್ತರವು ದೊರೆಯದಿದ್ದರೆ ಅಲ್ಲಿಗೇ ನಿಲ್ಲಿಸುವುದು ಎರಡನೆಯದು. ‘ನಿಜವೋ ಸುಳ್ಳೋ ತಿಳಿಯದು’ ಎಂಬ ಮುನ್ನುಡಿಯಿಂದ ಹೊಣೆಯು ಕಳೆಯದು. ತಿಳಿಯದೆಂಬುದೇ ಕಳುಹಿಸದಿರಲು ಸಾಕಾದ ಕಾರಣ. ೧೮೬೭ರ ಕಾನೂನಿನ ಕಟ್ಟಳೆಯನ್ನು ಪ್ರತಿಯೊಬ್ಬನೂ ತನಗೆ ತಾನೇ ವಿಧಿಸಿಕೊಂಡು, ‘ಇದರ ಅಡಿಯಲ್ಲಿ ನನ್ನ ಹೆಸರನ್ನೂ ಊರನ್ನೂ ಅಚ್ಚುಹಾಕಿಸಲು ಒಪ್ಪುವೆನೆ?’ ಎಂದು ಒಂದು ಗಳಿಗೆ ಯೋಚಿಸಿದರೆ, ದಾಟಿಸತಕ್ಕುದು ಎಷ್ಟು ಸ್ವಲ್ಪವೆಂಬುದು ಅವನಿಗೇ ತಿಳಿದುಬರುವುದು.

ನಿಜವೆಂದು ಗೊತ್ತಾದ ಮೇಲೆಯೂ ಮಿತಾಕ್ಷರೆಯ ಪ್ರಶ್ನೆಯು ಉಳಿದೇ ಇರುತ್ತದೆ. ರಸ್ತೆಯ ಅಪಘಾತದಲ್ಲಿ ಬಿದ್ದವನ ಚಿತ್ರ, ರೋಗಿಯ ದುರವಸ್ಥೆ, ಬೇರೊಬ್ಬರ ಮನೆಯ ಜಗಳ, ಪರೀಕ್ಷೆಯಲ್ಲಿ ತಪ್ಪಿದ ಹುಡುಗನ ಅಂಕಪಟ್ಟಿ, ಇವೆಲ್ಲ ನಿಜವೇ ಇರಬಹುದು. ಅವುಗಳನ್ನು ಲೋಕದ ಮುಂದೆ ಇಡುವ ಅಧಿಕಾರವನ್ನು ಆ ನೊಂದವರು ಯಾರಿಗೂ ಕೊಟ್ಟಿರುವುದಿಲ್ಲ. ತಪ್ಪಿ ಸುಳ್ಳನ್ನು ದಾಟಿಸಿದುದಾದರೆ, ಮೆಲ್ಲನೆ ಅಳಿಸಿ ಸುಮ್ಮನಾಗುವುದು ಸಾಲದು. ಯಾರುಯಾರಿಗೆ ಅದು ಹೋಯಿತೋ ಅವರೆಲ್ಲರಿಗೂ ‘ನಾನು ಕಳುಹಿಸಿದುದು ತಪ್ಪು’ ಎಂದು ತಿಳಿಸುವುದು, ಹಳೆಯ ಪತ್ರಿಕೆಗಳ ತಿದ್ದುಪಡಿಯಂತೆ, ಮರ್ಯಾದಸ್ಥರ ಲಕ್ಷಣ. ಹಿರಿಯರಿಗೆ ಇದು ನಾಚಿಕೆಯ ವಿಷಯವೆಂದು ತೋರಬಹುದು. ಮನೆಯ ಹಿರಿಯರೇ ತಮ್ಮ ತಪ್ಪನ್ನು ಒಪ್ಪಿ ಬರೆದರೆ, ಕಿರಿಯರು ಕಲಿಯುವ ಪಾಠಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿರಲಾರದು.

೨೦೧೨ರ ಆಗಸ್ಟಿನಲ್ಲಿ ಸಂದೇಶವು ಕೈಗೆ ಬಂದರೂ ಅದನ್ನು ಮುಂದಕ್ಕೆ ಕಳುಹಿಸದೆ, ನೆರೆಮನೆಯ ಮಣಿಪುರದ ಹುಡುಗನ ಬಾಗಿಲನ್ನು ತಟ್ಟಿ ‘ಹೆದರಬೇಡ, ನಾವಿದ್ದೇವೆ’ ಎಂದ ಗೃಹಸ್ಥರೂ ಬೆಂಗಳೂರಿನಲ್ಲಿ ಇದ್ದಿರಲೇಬೇಕು. ಅವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕಳುಹಿಸದ ಸಂದೇಶಕ್ಕೆ ದಾಖಲೆಯಿರುವುದಿಲ್ಲ. ಊರನ್ನು ಬಿಡದೆ ಉಳಿದವರಲ್ಲಿ ಕೆಲವರಾದರೂ ಉಳಿದುದು ಅಂಥವರ ಒಂದು ಮಾತಿನಿಂದ.